ಸಬ್‌ಟೈಟಲ್ ಯಾಕೆ ಸಸ್ಪೆನ್ಸ್ ಹಾಳ್ಮಾಡುತ್ತೆ? ತಮಿಳು-ಇಂಗ್ಲಿಷ್ ಪದಕ್ರಮದ ಸಮಾಚಾರ

ತಮಿಳು ಸಿನಿಮಾನ ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಂಡು ನೋಡೋರಿಗೆ ಈ ಕಿರಿಕಿರಿ ಗೊತ್ತಿರುತ್ತೆ. ವಿಲನ್ ಇನ್ನೂ ಮಾತು ಎಳೀತಾ ಇರ್ತಾನೆ, ಕೆಳಗೆ ವಿಷಯ ಬಯಲಾಗಿಹೋಗಿರುತ್ತೆ. "ಉಂಗ ಅಪ್ಪಾವ ಕೊನ್ನದು ನಾನ್ ದಾನ್" ಅಂತ ಒಂದು ಡೈಲಾಗ್ ಅನ್ಕೊಳ್ಳಿ, ಅಂದ್ರೆ "ನಿಮ್ಮಪ್ಪನ್ನ ಕೊಂದಿದ್ದು ನಾನೇ". ಇದರಲ್ಲಿ ಬಾಂಬ್ ಇರೋದು ಕೊನೇ ಪದದಲ್ಲಿ. ಇಂಗ್ಲಿಷಲ್ಲಿ "ಐ ಕಿಲ್ಡ್ ಯುವರ್ ಫಾದರ್", ಬಾಂಬ್ ಮೊದಲನೇ ಪದದಲ್ಲೇ ಸಿಡಿದಾಯ್ತು. ಸಬ್‌ಟೈಟಲ್ ಇಡೀ ಸಾಲು ಒಟ್ಟಿಗೆ ತೋರಿಸುತ್ತೆ ಅನ್ನೋದೂ ಒಂದು ಕಾರಣ ಬಿಡಿ, ಆದ್ರೆ ಪದ ಪದ ಬಿಡಿಸಿ ತೋರಿಸಿದ್ರೂ ಈ ಸಮಸ್ಯೆ ಹೋಗಲ್ಲ, ಯಾಕಂದ್ರೆ ಎರಡು ಭಾಷೆ ವಾಕ್ಯ ಕಟ್ಟೋ ದಿಕ್ಕೇ ಬೇರೆ.

ಸ್ಕೂಲಲ್ಲಿ ಇದನ್ನ ಒಂದೇ ಸಾಲಲ್ಲಿ ಮುಗಿಸಿರ್ತಾರೆ, ತಮಿಳಲ್ಲಿ ಕರ್ತೃ-ಕರ್ಮ-ಕ್ರಿಯಾಪದ, ಇಂಗ್ಲಿಷಲ್ಲಿ ಕರ್ತೃ-ಕ್ರಿಯಾಪದ-ಕರ್ಮ, ಬರ್ಕೊಳಿ, ಪರೀಕ್ಷೆಗೆ ಬರುತ್ತೆ. ಇದು ಸುಳ್ಳಲ್ಲ, ಆದ್ರೆ ಇಷ್ಟನ್ನೇ ನಂಬ್ಕೊಂಡು ಇಂಗ್ಲಿಷ್ ವಾಕ್ಯ ತಗೊಂಡು ಕ್ರಿಯಾಪದ ಒಂದನ್ನ ಎತ್ತಿ ಕೊನೆಗೆ ಇಟ್ಟರೆ ತಮಿಳಾಗಲ್ಲ, ತಮಿಳು ವಾಕ್ಯದ ಕ್ರಿಯಾಪದ ಎಳ್ಕೊಂಡ್ಬಂದು ಮಧ್ಯ ಇಟ್ಟರೆ ಇಂಗ್ಲಿಷೂ ಆಗಲ್ಲ. ಬದಲಾಗೋದು ಕ್ರಿಯಾಪದದ ಸೀಟ್ ಮಾತ್ರ ಅಲ್ಲ.

ಒಂದು ಸಾದಾ ವಾಕ್ಯ ನೋಡಿ. ತಮಿಳಲ್ಲಿ "ನಾನ್ ನೇತ್ತು ಸಂದೈಲ ಪಳಂ ವಾಂಗಿನೇನ್". ಕನ್ನಡದಲ್ಲಿ "ನಾನು ನಿನ್ನೆ ಸಂತೇಲಿ ಹಣ್ಣು ತಗೊಂಡೆ". ಇಂಗ್ಲಿಷಲ್ಲಿ "ಐ ಬಾಟ್ ಫ್ರೂಟ್ಸ್ ಅಟ್ ದ ಮಾರ್ಕೆಟ್ ಯೆಸ್ಟರ್ಡೇ". ಈಗ ಇಂಗ್ಲಿಷ್ ವಾಕ್ಯದಲ್ಲಿ "ಐ"ನ ಅಲ್ಲೇ ಬಿಟ್ಟು ಉಳಿದಿದ್ದನ್ನ ಹಿಂದಿನಿಂದ ಓದ್ತಾ ಬನ್ನಿ, ಯೆಸ್ಟರ್ಡೇ, ಮಾರ್ಕೆಟ್, ಅಟ್, ಫ್ರೂಟ್ಸ್, ಬಾಟ್. ಅದೇ ನೇತ್ತು, ಸಂದೈ, ಲ, ಪಳಂ, ವಾಂಗಿನೇನ್! "ಅಟ್"ಗೂ "ಲ"ಗೂ ಸಹ ಲೆಕ್ಕ ತಾಳೆ ಆಗುತ್ತೆ, ಅಲ್ಲಿ ಮಾರ್ಕೆಟ್‌ಗೆ ಮುಂಚೆ ಇದ್ದಿದ್ದು ಇಲ್ಲಿ ಸಂದೈ ಆದ್ಮೇಲೆ ಅಂಟ್ಕೊಂಡಿದೆ. ಮಧ್ಯ ಉಳ್ಕೊಂಡ "ದ"ಗೆ ಮಾತ್ರ ತಮಿಳಲ್ಲಿ ಜೋಡಿ ಇಲ್ಲ, ನಮ್ಮಲ್ಲೂ ಇಲ್ಲ. ಕರ್ತೃ ಒಂದು ಬಿಟ್ರೆ ಇಡೀ ವಾಕ್ಯ ಕನ್ನಡಿ ಒಳಗಿನ ಬಿಂಬದ ಹಾಗೆ ತಿರುಗಿದೆ.

ಹೀಗೆ ಯಾಕೆ ಅಂತ ಕೇಳಿದ್ರೆ ಒಂದೇ ಒಂದು ತತ್ವ ಸಾಕು. ವಾಕ್ಯದಲ್ಲಿ ಯಾವುದೇ ಪದಗಳ ಗುಂಪು ತಗೊಳ್ಳಿ, ಅದರಲ್ಲಿ ಒಂದು ಪದ ಯಜಮಾನ, ಉಳಿದವು ಅದರ ಬಗ್ಗೆ ಏನೋ ಹೇಳೋಕೆ ಬಂದಿರೋ ಪರಿವಾರ. ತಮಿಳಲ್ಲಿ ಯಜಮಾನ ಕೊನೇಲಿ ಬರ್ತಾನೆ, ಊರ ಉತ್ಸವದಲ್ಲಿ ಮೊದಲು ಡೊಳ್ಳು, ಆಮೇಲೆ ಕಳಸ ಹೊತ್ತೋರು, ಎಲ್ಲಾ ಆದ್ಮೇಲೆ ದೇವರ ಪಲ್ಲಕ್ಕಿ ಬರುತ್ತಲ್ಲ ಹಾಗೆ. ಇಂಗ್ಲಿಷಲ್ಲಿ ಹೆಚ್ಚಾಗಿ ಪಲ್ಲಕ್ಕಿನೇ ಮುಂದೆ. ಕ್ರಿಯಾಪದ ಅನ್ನೋದು ವಾಕ್ಯದ ಯಜಮಾನ, ಅದಕ್ಕೇ ತಮಿಳಲ್ಲಿ ಕಡೇಲಿ ಬರುತ್ತೆ, ಅಷ್ಟೇ. ಅದೊಂದು ಬಿಡಿ ನಿಯಮ ಅಲ್ಲ, ದೊಡ್ಡ ಅಭ್ಯಾಸದ ಒಂದು ತುಣುಕು.

ಉಳಿದ ತುಣುಕುಗಳನ್ನ ನೋಡಿದ್ರೆ ಅರ್ಥ ಆಗುತ್ತೆ. "ಆನ್ ದ ಟೇಬಲ್" ಇದ್ದದ್ದು "ಮೇಸೈ ಮೇಲ", ಮೇಜಿನ ಮೇಲೆ. "ಇಫ್ ಇಟ್ ರೇನ್ಸ್" ಅನ್ನೋದರ "ಇಫ್" ತಮಿಳಲ್ಲಿ ಬಾಲಕ್ಕೆ ಹೋಗಿ "ಮಳೈ ವಂದಾ" ಆಗುತ್ತೆ, ಮಳೆ ಬಂದ್ರೆ. "ಟಾಲರ್ ದ್ಯಾನ್ ಮಿ" ಅನ್ನೋದು "ಎನ್ನ ವಿಡ ಉಯರಂ", ನನಗಿಂತ ಎತ್ತರ, ಯಾರ ಜೊತೆ ಹೋಲಿಸ್ತೀವೋ ಅವರು ಮೊದಲು ಬಂದಾಗಿರುತ್ತೆ. ಸಹಾಯಕ ಕ್ರಿಯಾಪದಗಳಂತೂ ಮಜಾ, "ಕೆನಾಟ್ ಹ್ಯಾವ್ ಕಮ್" ಅಂದ್ರೆ "ವಂದಿರುಕ್ಕ ಮುಡಿಯಾದು", ಬಂದಿರೋಕಾಗಲ್ಲ, ಕಮ್-ಹ್ಯಾವ್-ಕೆನಾಟ್ ಅಂತ ಪೂರ್ತಿ ಉಲ್ಟಾ.

ಇದು ಆಕಸ್ಮಿಕ ಅಲ್ಲ ಅಂತ ಅಂಕಿಅಂಶದ ಸಮೇತ ತೋರಿಸಿದ್ದು ಜೋಸೆಫ್ ಗ್ರೀನ್‌ಬರ್ಗ್ ಅನ್ನೋ ಅಮೆರಿಕದ ಭಾಷಾವಿಜ್ಞಾನಿ. 1963ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ 30 ಭಾಷೆ ಇಟ್ಕೊಂಡು 45 ಸಾಮಾನ್ಯ ನಿಯಮ ಪಟ್ಟಿ ಮಾಡಿದ್ರು, ಕ್ರಿಯಾಪದ ಕೊನೇಲಿ ಇಡೋ ಭಾಷೆಗಳಲ್ಲಿ "ಮೇಲೆ, ಕೆಳಗೆ, ಒಳಗೆ" ತರದ ಪದಗಳು ನಾಮಪದ ಆದ್ಮೇಲೆ ಬರೋ ಸಾಧ್ಯತೆ ತುಂಬಾ ತುಂಬಾ ಜಾಸ್ತಿ ಅನ್ನೋದು ಅದರಲ್ಲೊಂದು. ಆ 30ರಲ್ಲಿ ದ್ರಾವಿಡ ಭಾಷೆಗಳ ಪರವಾಗಿ ಕೂತಿದ್ದು ತಮಿಳಲ್ಲ, ನಮ್ಮ ಕನ್ನಡ! ಅದೇ ಪಟ್ಟಿಯಲ್ಲಿ ಜಪಾನೀಸ್, ಟರ್ಕಿಶ್, ಹಿಂದಿ ಎಲ್ಲಾ ಇವೆ. ಆಮೇಲೆ ಮ್ಯಾಥ್ಯೂ ಡ್ರೈಯರ್ ಅನ್ನೋ ಇನ್ನೊಬ್ಬ ಭಾಷಾವಿಜ್ಞಾನಿ 1376 ಭಾಷೆಗಳ ಲೆಕ್ಕ ಹಾಕಿದಾಗ 564 ಭಾಷೆ ತಮಿಳು-ಕನ್ನಡದ ಕ್ರಮದವು, 488 ಇಂಗ್ಲಿಷ್ ಕ್ರಮದವು ಅಂತ ಬಂತು, ಹಾಗಾಗಿ "ನಮ್ಮ ಭಾಷೆ ಉಲ್ಟಾ" ಅಂತ ಇಂಗ್ಲಿಷ್ ಮೀಡಿಯಂ ಮಕ್ಕಳು ಅನ್ಕೊಳ್ಳೋದೇನಿದೆ ಅದಕ್ಕೆ ಆಧಾರ ಇಲ್ಲ. ಆದ್ರೆ ಇವೆಲ್ಲಾ ಒಲವು, ಕಟ್ಟಳೆ ಅಲ್ಲ. ಪರ್ಷಿಯನ್ ಭಾಷೆ ಕ್ರಿಯಾಪದ ಕೊನೇಲಿ ಇಟ್ಕೊಂಡೂ ಉಳಿದ ವಿಷಯದಲ್ಲಿ ಇಂಗ್ಲಿಷ್ ಕಡೆ ವಾಲುತ್ತೆ. ಇಂಗ್ಲಿಷೂ ಪೂರ್ತಿ ಶುದ್ಧ ಅಲ್ಲ, "ಬಿಗ್ ಹೌಸ್" ಮತ್ತು "ಪೆರಿಯ ವೀಡು", "ತ್ರೀ ಡೇಸ್" ಮತ್ತು "ಮೂಣು ನಾಳ್", "ರವೀಸ್ ಹೌಸ್" ಮತ್ತು "ರವಿಯೋಡ ವೀಡು", ಇವೆಲ್ಲಾ ಒಂದೇ ಕ್ರಮ. ಇಲ್ಲಿ ಕಲಿಯೋರಿಗೆ ಏನೂ ಕಷ್ಟ ಇಲ್ಲ, ಮುಂದೆ ಹೋಗೋಣ.

ನಿಜವಾದ ಕಷ್ಟ ಶುರುವಾಗೋದು ವಾಕ್ಯದೊಳಗೆ ಇನ್ನೊಂದು ವಾಕ್ಯ ತೂರಿಸಬೇಕಾದಾಗ. "ಪೈಯನ್" ಅಂದ್ರೆ ಹುಡುಗ. "ಸಟ್ಟೈ ಪೋಟ್ಟ ಪೈಯನ್", ಶರ್ಟ್ ಹಾಕಿರೋ ಹುಡುಗ. "ಸೆವಪ್ಪು ಸಟ್ಟೈ ಪೋಟ್ಟ ಪೈಯನ್", ಕೆಂಪು ಶರ್ಟ್ ಹಾಕಿರೋ ಹುಡುಗ. "ನೇತ್ತು ವಾಂಗಿನ ಸೆವಪ್ಪು ಸಟ್ಟೈ ಪೋಟ್ಟ ಪೈಯನ್", ನಿನ್ನೆ ತಗೊಂಡ ಕೆಂಪು ಶರ್ಟ್ ಹಾಕಿರೋ ಹುಡುಗ. ಹುಡುಗ ಕದಲಲೇ ಇಲ್ಲ ಗಮನಿಸಿ, ವಾಕ್ಯ ಅವನ ಎಡಗಡೆಗೆ ಬೆಳೀತಾ ಹೋಯ್ತು. ಇಂಗ್ಲಿಷಲ್ಲಿ ಹುಡುಗ ಮೊದಲೇ ಬಂದು ನಿಂತ್ಕೊಂಡು ಬಲಗಡೆಗೆ ಬೆಳೀತಾನೆ, "ದ ಬಾಯ್ ಹೂ ಈಸ್ ವೇರಿಂಗ್ ದ ರೆಡ್ ಶರ್ಟ್ ದಟ್ ವಾಸ್ ಬಾಟ್ ಯೆಸ್ಟರ್ಡೇ". ಹೀಗೆ ಹೊಸ ವಿವರ ಸೇರಿಸುವಾಗ ಹೆಚ್ಚಾಗಿ "ಹೂ", "ದಟ್" ಅಂತ ಒಂದೊಂದು ಕೊಂಡಿ ಬೇಕು, ತಮಿಳಲ್ಲಿ ಅಂತ ಕೊಂಡಿನೇ ಇಲ್ಲ, "ವಾಂಗಿನೇನ್" ಅನ್ನೋ ಕ್ರಿಯಾಪದದ ಬಾಲ ಕತ್ತರಿಸಿ "ವಾಂಗಿನ" ಮಾಡಿದ್ರೆ ಅದು ಮುಂದಿನ ನಾಮಪದಕ್ಕೆ ತಾನಾಗೇ ಅಂಟ್ಕೊಳ್ಳುತ್ತೆ. ನಮ್ಮಲ್ಲೂ "ತಗೊಂಡೆ" ಹೋಗಿ "ತಗೊಂಡ".

ಈ ಅಂಟು ಎಷ್ಟು ಉದಾರ ಅಂದ್ರೆ ಸಂಬಂಧ ಏನು ಅಂತ ಹೇಳೋದೇ ಇಲ್ಲ. "ನಾನ್ ಪಾತ್ತ ಪೈಯನ್" ನಾನು ನೋಡಿದ ಹುಡುಗ, "ಎನ್ನ ಪಾತ್ತ ಪೈಯನ್" ನನ್ನನ್ನ ನೋಡಿದ ಹುಡುಗ, ಇಷ್ಟರವರೆಗೆ ಸರಿ. ಆದ್ರೆ "ನಾನ್ ಪಳಂ ವೆಟ್ಟಿನ ಕತ್ತಿ" ಅಂದ್ರೆ ನಾನು ಹಣ್ಣು ಕುಯ್ದ ಚಾಕು, "ನಾನ್ ತೂಂಗಿನ ರೂಮು" ಅಂದ್ರೆ ನಾನು ಮಲಗಿದ ರೂಮು. ಚಾಕು-ಇಂದ ಕುಯ್ದಿದ್ದು, ರೂಮ್-ಅಲ್ಲಿ ಮಲಗಿದ್ದು, ಆ "ಇಂದ" "ಅಲ್ಲಿ" ಎಲ್ಲೂ ಕಾಣಲ್ಲ, ಕೇಳೋರ ತಲೆಗೆ ಬಿಟ್ಟಿದ್ದು. ಇಂಗ್ಲಿಷಲ್ಲಿ ಹಾಗೆ ಬಿಡೋ ಹಾಗಿಲ್ಲ, "ದ ನೈಫ್ ಐ ಕಟ್ ದ ಫ್ರೂಟ್ ವಿತ್", "ದ ರೂಮ್ ಐ ಸ್ಲೆಪ್ಟ್ ಇನ್", ಕೊನೇಲಿ ಆ "ವಿತ್" "ಇನ್" ಒಂಟಿಯಾಗಿ ನೇತಾಡ್ತಾ ಇರಲೇಬೇಕು. ತಮಿಳರು, ನಾವು, ತೆಲುಗರು ಎಲ್ಲರೂ ಇಂಗ್ಲಿಷ್ ಬರೀವಾಗ "ದ ರೂಮ್ ಐ ಸ್ಲೆಪ್ಟ್" ಅಂತ ನಿಲ್ಲಿಸಿಬಿಡೋದು ಇದೇ ಕಾರಣಕ್ಕೆ. ಗ್ರಾಮರ್ ಪುಸ್ತಕದಲ್ಲಿ ಪ್ರಿಪೋಸಿಷನ್ ಚಾಪ್ಟರನ್ನ ಎಷ್ಟು ಸಲ ಓದಿದ್ರೂ ಈ ತಪ್ಪು ಹೋಗಲ್ಲ, ಯಾಕಂದ್ರೆ ತಪ್ಪಿನ ಬೇರು ಆ ಚಾಪ್ಟರಲ್ಲಿ ಇಲ್ಲ.

ಎರಡನೇ ದೊಡ್ಡ ತೊಡಕು "ಅಂತ". ತಮಿಳಲ್ಲಿ ಅದು "ನ್ನು", ಬರಹದಲ್ಲಿ "ಎನ್ರು". "ರವಿ ನಾಳೈಕ್ಕು ವರ್ರೇನ್ನು ಸೊನ್ನಾನ್", ರವಿ ನಾಳೆ ಬರ್ತೀನಿ ಅಂತ ಹೇಳ್ದ. ರವಿ ಆಡಿದ ಮಾತನ್ನ ಹಾಗೇ ಎತ್ತಿ, "ಬರ್ತೀನಿ" ಅನ್ನೋದನ್ನೂ ಬದಲಾಯಿಸದೆ, ಹಿಂದೆ ಒಂದು "ಅಂತ" ಹಾಕಿ, ಕೊನೆಗೆ ಹೇಳ್ದ ಅಂದ್ರೆ ಮುಗೀತು. ಇಂಗ್ಲಿಷಲ್ಲಿ ಎರಡು ಕೆಲಸ ಒಟ್ಟಿಗೆ ಆಗಬೇಕು, "ಸೆಡ್ ದಟ್" ಮುಂದೆ ಬರಬೇಕು, "ಐ ವಿಲ್" ಹೋಗಿ "ಹಿ ವುಡ್" ಆಗಬೇಕು. ಕ್ರಮ ಮಾತ್ರ ತಿರುಗಿಸಿ ಎರಡನೇದನ್ನ ಮರೆತ್ರೆ "ರವಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ" ಆಗುತ್ತೆ, ಈಗ ನಾಳೆ ಬರೋದು ರವಿ ಅಲ್ಲ, ನೀವು! ಆಫೀಸ್ ಮೇಲ್‌ಗಳಲ್ಲಿ "ಮ್ಯಾನೇಜರ್ ಟೋಲ್ಡ್ ದಟ್ ಐ ಆಮ್ ಆನ್ ಲೀವ್" ಅಂತ ಓದಿದಾಗ ರಜಾ ಹಾಕಿರೋದು ಯಾರು ಅಂತ ಎರಡು ನಿಮಿಷ ಯೋಚಿಸಬೇಕಾಗೋದು ಹೀಗೇ.

ಹಿಂದೀಲೂ ಕ್ರಿಯಾಪದ ಕೊನೇಲೇ, ಆದ್ರೆ ಇಲ್ಲಿ ಬಂದಾಗ ಹಿಂದಿ ಇಂಗ್ಲಿಷ್ ಕಡೆ ನಿಲ್ಲುತ್ತೆ, "ಉಸ್ನೇ ಕಹಾ ಕಿ ಮೈಂ ಆವೂಂಗಾ", ಹೇಳಿದ್ದು ಮೊದಲು, ಹೇಳಿದ ಮಾತು ಆಮೇಲೆ. ನಮ್ಮ ಕಡೆಯ ದಖನಿ ಉರ್ದು ಮಾತಾಡೋರನ್ನ ಕೇಳಿ ನೋಡಿ, ಅವರು "ಆತೂಂ ಬೋಲ್ಕೆ ಬೋಲಾ" ಅಂತಾರೆ, ಬರ್ತೀನಿ ಅಂತ ಹೇಳ್ದ. ಪದ ಎಲ್ಲಾ ಉರ್ದು, ಅಸ್ಥಿಪಂಜರ ಪೂರ್ತಿ ನಮ್ಮದು. ಉತ್ತರದವರು ಇದನ್ನ ಕೇಳಿ ನಗ್ತಾರೆ, ನನಗಂತೂ ಇಷ್ಟು ಚೆಂದದ ಭಾಷಾಪಾಠ ಬೇರೆಲ್ಲೂ ಸಿಗಲ್ಲ ಅನ್ಸುತ್ತೆ. ನೂರಾರು ವರ್ಷ ಅಕ್ಕಪಕ್ಕ ಬದುಕಿದ್ರೆ ಪದಗಳಷ್ಟೇ ಅಲ್ಲ, ಅವುಗಳ ಸಾಲೂ ಮನೆಯಿಂದ ಮನೆಗೆ ಹೋಗುತ್ತೆ.

ಇನ್ನು ಪ್ರಶ್ನೆ. "ನೀ ಎಂಗೆ ಪೋರೇ?", ನೀನು ಎಲ್ಲಿಗೆ ಹೋಗ್ತಿದೀಯ. ಉತ್ತರ ಎಲ್ಲಿ ಕೂರುತ್ತೋ ಪ್ರಶ್ನೆ ಪದ ಅಲ್ಲೇ ಕೂತಿರುತ್ತೆ, "ನಾನ್ ಮದುರೈಕ್ಕು ಪೋರೇನ್", ಎಂಗೆ ತೆಗೆದು ಮದುರೈ ಹಾಕಿದ್ರೆ ಆಯ್ತು. ಇಂಗ್ಲಿಷಲ್ಲಿ "ವೇರ್" ಓಡಿ ಮುಂದೆ ಬರಬೇಕು, ಅದರ ಹಿಂದೆ "ಆರ್" ಬಂದು "ಯು"ನ ದಾಟಿ ನಿಲ್ಲಬೇಕು, "ವೇರ್ ಆರ್ ಯು ಗೋಯಿಂಗ್". ಮೊದಲನೇ ಓಟ ಎಲ್ಲರೂ ಕಲೀತಾರೆ, ಎರಡನೇದನ್ನ ಮರೆತು "ವೇರ್ ಯು ಆರ್ ಗೋಯಿಂಗ್?" ಅಂತಾರೆ. ಕಷ್ಟಪಟ್ಟು ಎರಡನೇದೂ ಅಭ್ಯಾಸ ಆಗೋ ಹೊತ್ತಿಗೆ ಇಂಗ್ಲಿಷ್ ಇನ್ನೊಂದು ಕೊಕ್ಕೆ ಇಟ್ಟಿರುತ್ತೆ, ಅದೇ ಪ್ರಶ್ನೆ ದೊಡ್ಡ ವಾಕ್ಯದೊಳಗೆ ಹೋದಾಗ ಆ ದಾಟಾಟ ಮಾಡಬಾರದು, "ಐ ಡೋಂಟ್ ನೋ ವೇರ್ ಹಿ ಈಸ್", "ವೇರ್ ಈಸ್ ಹಿ" ಅಲ್ಲ. ಇದಕ್ಕೆ ಸಮಾಧಾನ ಏನೂ ಇಲ್ಲ, ಬಾಯಿಪಾಠವೇ.

ಹೌದು-ಇಲ್ಲ ಪ್ರಶ್ನೆಯಲ್ಲಿ ಮಾತ್ರ ತಮಿಳಿಗೆ ಒಂದು ಸೂಪರ್ ಸೌಲಭ್ಯ ಇದೆ. "ಆ" ಅನ್ನೋ ಪುಟ್ಟ ಬಾಲನ ಯಾವ ಪದಕ್ಕೆ ಬೇಕಾದ್ರೂ ಅಂಟಿಸಬಹುದು. "ನೀ ನಾಳೈಕ್ಕು ಊರುಕ್ಕು ಪೋರಿಯಾ?" ಅಂದ್ರೆ ಹೋಗ್ತೀಯಾ ಇಲ್ವಾ. "ನೀ ನಾಳೈಕ್ಕಾ ಊರುಕ್ಕು ಪೋರೇ?" ಅಂದ್ರೆ ನಾಳೇನಾ ಹೋಗೋದು, ನಾಡಿದ್ದಲ್ವಾ. "ನೀಯಾ ನಾಳೈಕ್ಕು ಊರುಕ್ಕು ಪೋರೇ?" ಅಂದ್ರೆ ನೀನಾ, ನಿಮ್ಮಣ್ಣ ಅಲ್ವಾ. ಇಂಗ್ಲಿಷಲ್ಲಿ ಇದಕ್ಕೆ ದನಿ ಏರಿಸಬೇಕು, ಇಲ್ಲಾ "ಈಸ್ ಇಟ್ ಟುಮಾರೋ ದಟ್" ಅಂತ ಸುತ್ತು ಬಳಸಬೇಕು. ಒತ್ತು ಕೊಡೋ "ದಾನ್" ಕೂಡ ಹೀಗೇ ಪದದ ಹಿಂದೆ, "ನೇತ್ತು ದಾನ್ ವಂದೇನ್", ನಿನ್ನೆನೇ ಬಂದೆ. ಚೆನ್ನೈ, ಬೆಂಗಳೂರು ಎರಡೂ ಕಡೆ ಕೇಳಿಸೋ "ಯೆಸ್ಟರ್ಡೇ ಓನ್ಲಿ ಐ ಕೇಮ್" ಹುಟ್ಟಿದ್ದು ಇಲ್ಲಿಂದ, ಆ "ಓನ್ಲಿ" ಇಂಗ್ಲಿಷ್ ವೇಷ ಹಾಕಿರೋ "ದಾನ್" ಅಥವಾ "ನೇ". ಅದನ್ನ ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ, ಆದ್ರೆ ಲಂಡನ್ನಿನವರಿಗೆ ಬೇರೆ ಅರ್ಥ ಹೋಗುತ್ತೆ ಅನ್ನೋದು ಗೊತ್ತಿರಲಿ.

ನಿಷೇಧ ಬಂದಾಗ ಕಾಯಬೇಕಾಗೋದು ತಮಿಳು ಕೇಳೋರು. "ಅವನ್ ನೇತ್ತು ಮೀಟಿಂಗುಕ್ಕು ವರಲ" ಅಂತ ಪೂರ್ತಿ ಮುಗಿಯೋವರೆಗೂ ಬಂದನೋ ಇಲ್ವೋ ತಿಳಿಯಲ್ಲ, ಇಂಗ್ಲಿಷಿನ "ಹಿ ಡಿಡ್ ನಾಟ್" ಆದ್ರೆ ಮೂರನೇ ಪದದಲ್ಲೇ ತಿಳೀತು. ತಮಿಳಿಂದ ಇಂಗ್ಲಿಷಿಗೆ ಸ್ಥಳದಲ್ಲೇ ಅನುವಾದ ಮಾಡೋ ದುಭಾಷಿಗಳ ಪಾಡು ಯೋಚಿಸಿ, ಭಾಷಣಕಾರರು ಉದ್ದಕ್ಕೆ ಎಳ್ಕೊಂಡು ಹೋಗ್ತಿರ್ತಾರೆ, ಕ್ರಿಯಾಪದ ಬರೋವರೆಗೂ ಇವರು ಎಲ್ಲಾ ತಲೇಲಿ ಇಟ್ಕೊಂಡು ಕೂರಬೇಕು, ಇಲ್ಲಾ ಊಹೆ ಮೇಲೆ ಧೈರ್ಯವಾಗಿ ಶುರು ಮಾಡಬೇಕು. ಇದರಲ್ಲೇ ಇನ್ನೊಂದು ಸೂಕ್ಷ್ಮ, "ಬರಲ್ಲ ಅನ್ಸುತ್ತೆ" ಅಂತ ನಾವು, "ವರಮಾಟ್ಟಾನ್ನು ನೆನೆಕ್ಕಿರೇನ್" ಅಂತ ತಮಿಳರು ನಿಷೇಧನ ಬರೋದಕ್ಕೆ ಅಂಟಿಸ್ತೀವಿ, ಇಂಗ್ಲಿಷಿನವರು "ಐ ಡೋಂಟ್ ಥಿಂಕ್ ಹಿ ವಿಲ್ ಕಮ್" ಅಂತ ಯೋಚಿಸೋದಕ್ಕೇ ಅಂಟಿಸಿಬಿಡ್ತಾರೆ.

ಇಷ್ಟೆಲ್ಲಾ ಕೇಳಿದ್ಮೇಲೆ ತಮಿಳು ಪದಕ್ರಮ ಕಬ್ಬಿಣದ ಕಟ್ಟು ಅನ್ಸಬಹುದು, ವಿಷಯ ಉಲ್ಟಾ. ಕಬ್ಬಿಣದ ಕಟ್ಟು ಇರೋದು ಇಂಗ್ಲಿಷಿಗೆ. "ರಾಮ ಕಿಲ್ಡ್ ರಾವಣ" ಅನ್ನೋದನ್ನ ತಿರುಗಿಸಿ "ರಾವಣ ಕಿಲ್ಡ್ ರಾಮ" ಅಂದ್ರೆ ರಾಮಾಯಣವೇ ತಿರುಗಿತು, ಯಾಕಂದ್ರೆ ಯಾರು ಯಾರನ್ನ ಅಂತ ತಿಳಿಸೋ ಗುರುತು ಜಾಗ ಮಾತ್ರ. ಹಳೇ ಇಂಗ್ಲಿಷಲ್ಲಿ ವಿಭಕ್ತಿ ಪ್ರತ್ಯಯಗಳಿದ್ವು, ಕ್ರಿಯಾಪದ ಕೊನೇಲಿ ಬರೋ ವಾಕ್ಯಗಳೂ ಬೇಕಾದಷ್ಟಿದ್ವು, ಶತಮಾನಗಳು ಕಳೀತಾ ಪ್ರತ್ಯಯ ಸವೆದುಹೋದ್ವು, ಆ ಕೆಲಸ ಪದದ ಜಾಗದ ತಲೆ ಮೇಲೆ ಬಿತ್ತು. ತಮಿಳಲ್ಲಿ "ರಾಮನ್ ರಾವಣನೈ ಕೊನ್ರಾನ್" ಅಂದ್ರೂ "ರಾವಣನೈ ರಾಮನ್ ಕೊನ್ರಾನ್" ಅಂದ್ರೂ ಸತ್ತಿದ್ದು ರಾವಣನೇ, ಆ "ಐ" ಪ್ರತ್ಯಯ ನಮ್ಮ "ಅನ್ನು" ತರ ಅವನ ಬೆನ್ನಿಗೆ ಅಂಟಿದೆ.

ಹಾಗಾಗಿ ತಮಿಳಲ್ಲಿ ಕ್ರಮ ಬದಲಾಯಿಸೋದು ಅರ್ಥ ಕೆಡಿಸಲ್ಲ, ಒತ್ತು ಬದಲಾಯಿಸುತ್ತೆ, ಭಾವ ಬದಲಾಯಿಸುತ್ತೆ. ಇದಕ್ಕೆ ತಮಿಳರೆಲ್ಲರೂ ಕೊಡೋ ಉದಾಹರಣೆ ಕಂಬ ರಾಮಾಯಣದ್ದು. ಲಂಕೆಯಿಂದ ವಾಪಸ್ ಬಂದ ಹನುಮಂತ ರಾಮನಿಗೆ ಹೇಳೋ ಮಾತು "ಕಂಡನೆನ್" ಅಂತ ಶುರುವಾಗುತ್ತೆ, ಕಂಡೆ, ಆಮೇಲೆ ಯಾರನ್ನ ಅನ್ನೋದು, ಆಮೇಲೆ ಕಣ್ಣಾರೆ ಅನ್ನೋದು. ಮಾಮೂಲಿ ಕ್ರಮದಲ್ಲಿ ಸೀತೆಯ ಹೆಸರಿಂದ ಶುರು ಮಾಡಿದ್ರೆ ಮುಂದಿನ ಪದ ಬರೋ ಒಂದು ಕ್ಷಣ ರಾಮ ಏನೇನು ಯೋಚಿಸಬೇಕಾಗಿತ್ತೋ, ಕಂಡಳೋ ಇಲ್ವೋ, ಇದ್ದಾಳೋ ಇಲ್ವೋ. ಆ ಕ್ಷಣದ ಸಂಕಟ ತಪ್ಪಿಸೋಕೆ ಅಂತ ಕ್ರಿಯಾಪದನ ಮುಂದೆ ತಂದ ಅಂತ ವ್ಯಾಖ್ಯಾನ ಮಾಡೋರು ವಿವರಿಸ್ತಾರೆ, ಒಪ್ಪೋ ಮಾತು. ಕ್ರಿಯಾಪದ ಕೊನೇಲಿ ಬರೋದೇ ರೂಢಿಯಾಗಿರೋ ಭಾಷೇಲಿ ಮಾತ್ರ ಅದನ್ನ ಮುಂದೆ ತಂದರೆ ಇಷ್ಟು ಕೆಲಸ ಮಾಡುತ್ತೆ. ದಿನದ ಮಾತಲ್ಲೂ "ವಂದಾನಾ ಅವನ್?", ಬಂದ್ನಾ ಅವ್ನು, ಅಂತ ನೆನಪಾದ್ಮೇಲೆ ಬಾಲ ಸೇರಿಸೋದು ಇದ್ದೇ ಇದೆ.

ಇಷ್ಟು ಓದಿದ ಕನ್ನಡದವರಿಗೆ ಒಂದು ವಿಷಯ ಹೊಳೆದಿರಬೇಕು, ತಮಿಳು ಉದಾಹರಣೆ ಪಕ್ಕ ಕನ್ನಡ ಇಟ್ಟಾಗ ಒಂದು ಕಡೆನೂ ಪದ ಸರಿಸಬೇಕಾಗಿ ಬರಲಿಲ್ಲ. ಆದ್ರೂ ಚೆನ್ನೈಗೆ ಕೆಲಸಕ್ಕೆ ಹೋದ ನಮ್ಮೋರು ತಮಿಳು ಕಲಿಯೋಕೆ ಹಿಡಿಯೋದು ಇಂಗ್ಲಿಷಲ್ಲಿ ಬರೆದ ಪುಸ್ತಕ, ಇಂಗ್ಲಿಷ್ ಆ್ಯಪ್. ಅಲ್ಲಿ ಇಂಗ್ಲಿಷ್ ವಾಕ್ಯ ಕೊಟ್ಟು, ಅದನ್ನ ಹೇಗೆ ತಿರುಗಿಸಬೇಕು ಅಂತ ಪುಟಗಟ್ಟಲೆ ಹೇಳಿಕೊಡ್ತಾರೆ, ಇವರು ತಲೇಲಿ ಕನ್ನಡದಿಂದ ಇಂಗ್ಲಿಷಿಗೆ ಒಮ್ಮೆ, ಇಂಗ್ಲಿಷಿಂದ ತಮಿಳಿಗೆ ಇನ್ನೊಮ್ಮೆ ತಿರುಗಿಸಿ, ಎರಡು ಸಲ ಉಲ್ಟಾ ಹೊಡೆದು ಹೊರಟ ಜಾಗಕ್ಕೇ ಬಂದು ನಿಲ್ತಾರೆ. ಕನ್ನಡ ವಾಕ್ಯ ಹಾಗೇ ಇಟ್ಕೊಂಡು ಪದ ಬದಲಾಯಿಸ್ತಾ ಹೋಗಿ ಸಾಕು, "ಅಂಗಡಿಗೆ ಹೋಗಿ ಹಾಲು ತಗೊಂಡು ಬಂದೆ", "ಕಡೈಕ್ಕು ಪೋಯಿ ಪಾಲ್ ವಾಂಗಿಟ್ಟು ವಂದೇನ್". ಇಂಗ್ಲಿಷ್ ಪುಸ್ತಕ ಇಲ್ಲಿ "ಅಂಡ್" ಎಲ್ಲಿ ಹೋಯ್ತು, ಕಾಲ ಸೂಚನೆ ಯಾಕೆ ಕೊನೇ ಕ್ರಿಯಾಪದಕ್ಕೆ ಮಾತ್ರ ಅಂತ ವಿವರಿಸಬೇಕಾಗುತ್ತೆ, ನಿಮಗೆ ಆ ಪ್ರಶ್ನೆನೇ ಏಳಲ್ಲ. ನಿಮ್ಮ ಶ್ರಮ ಎಲ್ಲಾ ಹೋಗಬೇಕಾಗಿರೋದು ಪದಗಳಿಗೆ, ಉಚ್ಚಾರಣೆಗೆ, ಬರಹದ ತಮಿಳಿಗೂ ಆಡೋ ತಮಿಳಿಗೂ ಇರೋ ಅಂತರಕ್ಕೆ.

ಇಂಗ್ಲಿಷ್ ಕಡೆ ಹೋಗಬೇಕಾದವರಿಗೆ, ತಮಿಳರಾಗ್ಲಿ ನಾವಾಗ್ಲಿ, ಒಂದು ಸೇತುವೆ ನಮ್ಮ ಮಾತಲ್ಲೇ ಇದೆ. ಎಡಗಡೆ ಹೊರೆ ಜಾಸ್ತಿ ಆಯ್ತು ಅನ್ಸಿದಾಗ ನಾವೇ ಏನು ಮಾಡ್ತೀವಿ ನೋಡಿ. "ಹುಷಾರಿಲ್ಲದ್ದರಿಂದ ಬರಲಿಲ್ಲ" ಅನ್ನೋ ಬದಲು "ಬರಲಿಲ್ಲ, ಯಾಕಂದ್ರೆ ಹುಷಾರಿರಲಿಲ್ಲ" ಅಂತೀವಿ, ತಮಿಳರು "ವರಲ, ಏನ್ನಾ ಒಡಂಬು ಸರಿಯಿಲ್ಲ" ಅಂತಾರೆ. ಯಾಕೆ-ಅಂದ್ರೆ, ಏನ್-ನ್ನಾ, ಜೋಡಣೆ ಕೂಡ ಒಂದೇ. ಯಾರೋ ಹೇಳಿದ ಉದ್ದದ ಮಾತನ್ನ ಒಪ್ಪಿಸಬೇಕಾದಾಗಲೂ ಅಷ್ಟೇ, ಅದೆಲ್ಲಾ ಮುಗಿದ್ಮೇಲೆ "ಅಂತ ಹೇಳ್ದ" ಅನ್ನೋವರೆಗೆ ಕೇಳೋರಿಗೆ ತಾಳ್ಮೆ ಇರಲ್ಲ ಅಂತ ಗೊತ್ತಾಗಿ ನಾವು "ಅವನು ಏನು ಹೇಳ್ದ ಅಂದ್ರೆ" ಅಂತ ಶುರು ಮಾಡಿಬಿಡ್ತೀವಿ, ಅವರು "ಅವನ್ ಎನ್ನ ಸೊನ್ನಾನ್ನಾ" ಅಂತ ಶುರು ಮಾಡ್ತಾರೆ, ಕ್ರಿಯಾಪದ ಮುಂದೆ ಬಂದಾಯ್ತು, ಇನ್ನು ಹೇಳಿದ ಮಾತು ಎಷ್ಟು ಉದ್ದ ಬೇಕಾದ್ರೂ ಬಲಗಡೆಗೆ ಹರೀಬಹುದು. ಇಂಗ್ಲಿಷಿನ "ಹಿ ಸೆಡ್ ದಟ್" ಬಾಯಿಗೆ ಬರದೆ ಒದ್ದಾಡೋ ಮಕ್ಕಳಿಗೆ ಮೊದಲು ವಾಕ್ಯನ ಹೀಗೆ ಕನ್ನಡದಲ್ಲೇ ತಿರುಗಿಸಿ ಹೇಳಿಸಿ, ಆಮೇಲೆ ಇಂಗ್ಲಿಷಿಗೆ ತರೋಕೆ ಹೇಳಿ.